ಆರಂಭವೆಂಬ ಕರ್ಮ

ಒಂದು ಕರ್ಮಕ್ಕೆ ತಗಲುವ ದೇಹಶ್ರಮವು ಕುಗ್ಗುತ್ತ ಕುಗ್ಗುತ್ತ ಕಡೆಗೆ ಒಂದು ಬೆರಳ ತುದಿಯಷ್ಟಕ್ಕೆ ಬಂದು ನಿಂತಾಗ, ಆ ಕರ್ಮದಲ್ಲಿ ಕರ್ತೃವಿಗೆ ಇರತಕ್ಕ ಪಾಲೂ ಅದರೊಡನೆ ಕುಗ್ಗುತ್ತದೆಯೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಬಿಡುವುಳ್ಳ ತಾರ್ಕಿಕರ ಪ್ರಶ್ನೆಯಂತೆ ತೋರಬಹುದು. ಆದರೆ ಶಿವಮೊಗ್ಗೆಯ ಗೋಪಾಳದಂಥ ಬಡಾವಣೆಯಲ್ಲಿ, ಉದ್ಯೋಗದಿಂದ ನಿವೃತ್ತರಾದವರ ಮನೆಗಳ ಮುಂದೆ, ವಯಸ್ಸಾದರೂ ಒಡೆಯರ ಮಮತೆಯನ್ನು ಕಳೆದುಕೊಳ್ಳದ ಹಳೆಯ ಕಾರುಗಳು ನಿಂತಿರುವ ಬೀದಿಗಳಲ್ಲಿ, ಈ ಪ್ರಶ್ನೆ ಈಚೆಗೆ ತೀರ ಲೌಕಿಕವಾದ ವೇಷವನ್ನು ತೊಟ್ಟು ಬಂದಿದೆ. ಕೀಲಿಯನ್ನು ತೂರಿಸಿ ತಿರುಗಿಸಿ ಹೊರಡಿಸಬೇಕಾಗಿದ್ದ ಗಾಡಿಗೆ, ಹೊಸ ಕಾರುಗಳಲ್ಲಿರುವಂತೆ ಒತ್ತಿದ ಮಾತ್ರಕ್ಕೆ ಎಂಜಿನ್ನು ಚಾಲನೆಗೊಳ್ಳುವ ಗುಂಡಿಯೊಂದನ್ನು ಕೂಡಿಸಿಕೊಳ್ಳುವುದು ಈಗ ಮಧ್ಯಮ ವರ್ಗದ ಸಂಸಾರಕ್ಕೆ ನಿಲುಕುವ ಕೆಲಸವಾಗಿದೆ. ಇದನ್ನು ಬರಿಯ ಷೋಕಿಯೆಂದು ತಳ್ಳಿಹಾಕುವವರುಂಟು. ಷೋಕಿಯೂ ಇದರಲ್ಲಿ ಇಲ್ಲದಿಲ್ಲ. ಅಷ್ಟಾಗಿಯೂ, ಒಂದು ಯಂತ್ರವನ್ನು ನಿಶ್ಚಲತೆಯಿಂದ ಚಲನೆಗೆ ತರುವ ಕ್ಷಣದಲ್ಲಿ ಮನುಷ್ಯನು ಏನನ್ನು ಮಾಡುತ್ತಾನೆ, ಏನನ್ನು ಮಾಡಿಸುತ್ತಾನೆ, ಯಾವುದಕ್ಕೆ ಹೊಣೆಯಾಗುತ್ತಾನೆ ಎಂಬುದು ನಮ್ಮ ಶಾಸ್ತ್ರಗಳು ಬಹುಕಾಲ ತೂಗಿ ನೋಡಿದ ವಿಚಾರ; ಅದನ್ನು ಒಂದು ಗುಂಡಿಯ ನೆವದಿಂದ ಕೈಗೆತ್ತಿಕೊಂಡರೆ ಶಾಸ್ತ್ರಕ್ಕೆ ಅಗೌರವವಾಗದೆಂದು ನಾನು ನಂಬಿದ್ದೇನೆ.

ಈ ವಿಚಾರಕ್ಕೆ ನನ್ನನ್ನು ಎಳೆದವರು ನಮ್ಮ ಬೀದಿಯ ಹಿರಿಯರೊಬ್ಬರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬಾಳಿನ ಬಹುಭಾಗವನ್ನು ಸವೆಸಿ, ನಿವೃತ್ತಿಯ ತರುವಾಯ ಗೋಪಾಳದಲ್ಲಿ ಮನೆ ಕಟ್ಟಿಕೊಂಡವರು. ಅವರಲ್ಲಿರುವುದು ಒಂದು ಮಾರುತಿ 800. ಸಂಧಿವಾತ ಅವರ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಹಿಡಿದುಕೊಂಡಿದೆ; ಮಳೆಗಾಲದ ಬೆಳಗಿನಲ್ಲಿ ಗಂಟುಗಳು ಊದಿ, ಒಂದು ಚಿಕ್ಕ ಕೀಲಿಯನ್ನು ಚಿವುಟಿ ಹಿಡಿದು ಸ್ಪ್ರಿಂಗಿನ ಎದುರಾಗಿ ತಿರುಗಿಸುವುದು ಅವರಿಗೆ ಯಾತನೆಯಾಗುತ್ತದೆ. ಮಗ ಗುಂಡಿ ಹಾಕಿಸೋಣವೆಂದ. ಅವರಿಗೆ ಸೌಕರ್ಯದ ವಿಷಯದಲ್ಲಿ ಸಂದೇಹವಿರಲಿಲ್ಲ. ಅವರ ಸಂದೇಹ ಬೇರೆಯ ಜಾತಿಯದು. ಒಂದು ಸಂಜೆ ನಮ್ಮ ಜಗುಲಿಯಲ್ಲಿ ಕುಳಿತು ಕೇಳಿದರು: “ಮೇಷ್ಟ್ರೇ, ಕೀಲಿ ತಿರುಗಿಸುವಾಗ ದೇವರ ಹೆಸರು ಹೇಳಿಕೊಂಡು ನಾನು ಗಾಡಿ ಹೊರಡಿಸಿದೆ ಅಂತ ಕೈಗೆ ಗೊತ್ತಾಗುತ್ತಿತ್ತು. ಗುಂಡಿ ಒತ್ತಿದರೆ ಹೊರಡಿಸುವವರು ಯಾರು? ನಾನೋ, ಒಳಗಿರೋ ಆ ಪೆಟ್ಟಿಗೆಯೋ?”

ಪ್ರಶ್ನೆ ಸರಳವಾಗಿ ಕೇಳಿಸಿತು. ಉತ್ತರ ಹೇಳಹೊರಟಾಗ ಅದರ ಆಳ ತಿಳಿಯಿತು.

ಮೋಟಾರು ಗಾಡಿಯನ್ನು ಹೊರಡಿಸುವುದು ಒಂದು ಕಾಲಕ್ಕೆ ತೋಳ್ಬಲದ ಕಾರ್ಯವಾಗಿತ್ತು. ಗಾಡಿಯ ಮೂತಿಯ ಕೆಳಗೆ ಕಬ್ಬಿಣದ ಹ್ಯಾಂಡಲನ್ನು ತೂರಿಸಿ, ಕಾಲೂರಿ ನಿಂತು, ಎಂಜಿನ್ನಿನ ಒತ್ತಡವನ್ನು ಮೀರಿಸಿ ಸುತ್ತಬೇಕು. ಕಿಡಿ ಹೊತ್ತಿಗೆ ಮುಂಚೆ ಹಾರಿತೆಂದರೆ ಹ್ಯಾಂಡಲು ಹಿಂದಕ್ಕೆ ಒದೆದು ಮಣಿಕಟ್ಟನ್ನೇ ಮುರಿಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ನಮ್ಮ ರಸ್ತೆಗಳಲ್ಲಿ ಓಡಾಡಿದ ಇದ್ದಿಲ ಬಸ್ಸುಗಳಿಗಂತೂ, ಹಿಂದಿನ ಉರುಳೆಯಲ್ಲಿ ಬೆಂಕಿ ಮಾಡಿ, ಗಾಳಿಯೂದಿ, ಹದವಾದ ಅನಿಲ ಏಳುವ ತನಕ ಕಾಯುವುದೇ ಆರಂಭದ ವಿಧಿಯಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ತಿನ ಬಲದಿಂದ ಎಂಜಿನ್ನನ್ನು ತಿರುಗಿಸುವ ಯಂತ್ರವನ್ನು ರೂಪಿಸಿ, 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದ ಮೇಲೆ, ಹ್ಯಾಂಡಲಿನ ಕಾಲ ಕ್ರಮೇಣ ಮುಗಿಯಿತು. ನಮ್ಮ ಜನ ಆ ಯಂತ್ರವನ್ನು ಇಂದಿಗೂ ‘ಸೆಲ್ಫ್’ ಎಂದೇ ಕರೆಯುತ್ತಾರೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ದಿನಗಳಲ್ಲಿ ಸೆಲ್ಫ್ ಹೊಡೆಯುತ್ತಿದ್ದುದು ನೆಲದಲ್ಲಿನ ಗುಂಡಿಯನ್ನು ಕಾಲಿನಿಂದ ತುಳಿದು, ಇಲ್ಲವೇ ಎದುರು ಹಲಗೆಯಲ್ಲಿನ ಗುಂಡಿಯನ್ನು ಒತ್ತಿ ಅಥವಾ ಎಳೆದು. ಕೀಲಿಯನ್ನೇ ತಿರುಗಿಸಿ ಎಂಜಿನ್ನನ್ನು ಹೊರಡಿಸುವ ಕ್ರಮವನ್ನು ಕ್ರೈಸ್ಲರ್ ಕಂಪನಿ ತಂದದ್ದು 1949ರಲ್ಲಿ. ಆದಕಾರಣ ಗುಂಡಿಯು ನವೀನವೆಂದೂ ಕೀಲಿಯು ಸನಾತನವೆಂದೂ ಭಾವಿಸುವುದಕ್ಕೆ ಆಧಾರವಿಲ್ಲ. ನಿಜವಾಗಿ ನವೀನವಾದದ್ದು, ಈ ಶತಮಾನದ ಹೊಸ್ತಿಲಲ್ಲಿ ಜರ್ಮನಿಯ ಬೆಲೆಯುಳ್ಳ ಕಾರುಗಳೊಂದಿಗೆ ಬಂದ ಅಗೋಚರವಾದ ಅನುಮತಿ: ಒಡೆಯನ ಜೇಬಿನಲ್ಲಿರುವ ರಿಮೋಟು ಗಾಡಿಯ ಸಮೀಪದಲ್ಲಿದೆಯೆಂಬುದನ್ನು ರೇಡಿಯೋ ತರಂಗಗಳಿಂದ ಅರಿತುಕೊಂಡ ಪೆಟ್ಟಿಗೆಯೊಂದು, ಗುಂಡಿಯ ಅಪ್ಪಣೆಯನ್ನು ನಡೆಸಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತದೆ. ಹಿರಿಯರ ಪ್ರಶ್ನೆಯ ಮೊನೆ ಇದ್ದುದು ಅಲ್ಲಿ.

ಅವರೊಡನೆ ನಾನೂ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಂದು ಶೆಡ್ಡಿಗೆ ಹೋದೆ. ಎಲೆಕ್ಟ್ರಿಷಿಯನ್ ನಡುವಯಸ್ಸಿನವನು, ಮಿತಭಾಷಿ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಸ್ಟೀರಿಂಗಿನ ಕೆಳಗಿನ ಕವಚವನ್ನು ಬಿಚ್ಚಿದ. ಕೀಲಿಯ ಕೊಳವೆಯ ಹಿಂಬದಿಯಿಂದ ಹೊರಟ ದಪ್ಪ ವೈರುಗಳ ಗೊಂಚಲು ಕಂಡಿತು. ಮತ್ತೆ ಬ್ಯಾಟರಿ ಜೋಡಿಸಿ, ಒಂದು ತುದಿಯಲ್ಲಿ ಮೊನೆಯೂ ಹಿಡಿಯೊಳಗೆ ಪುಟ್ಟ ಬಲ್ಬೂ ಇದ್ದ ಟೆಸ್ಟ್ ಲ್ಯಾಂಪನ್ನು ಒಂದೊಂದು ವೈರಿಗೂ ಮುಟ್ಟಿಸಿ, ಕೀಲಿಯನ್ನು ಒಂದೊಂದು ಮೆಟ್ಟಿಲು ತಿರುಗಿಸಿ ನೋಡಿದ. ಒಂದು ವೈರಿನಲ್ಲಿ ಕೀಲಿ ಇಲ್ಲದಿದ್ದಾಗಲೂ ಬಲ್ಬು ಉರಿಯಿತು. ಅದು ಬ್ಯಾಟರಿಯಿಂದ ನೇರವಾಗಿ ಬಂದದ್ದು. ಮತ್ತೊಂದರಲ್ಲಿ ಮೊದಲ ಮೆಟ್ಟಿಲಿಗೆ, ಇನ್ನೊಂದರಲ್ಲಿ ಎರಡನೆಯದಕ್ಕೆ. ಕಡೆಯದರಲ್ಲಿ, ಕೀಲಿಯನ್ನು ಪೂರ್ತಿ ತಿರುಗಿಸಿ ಹಿಡಿದಷ್ಟು ಹೊತ್ತು ಮಾತ್ರ ಉರಿದು, ಬಿಟ್ಟೊಡನೆ ನಂದಿತು. “ಇದು ಸೆಲ್ಫಿನ ವೈರು ಸಾರ್” ಎಂದ. ನಾಲ್ಕಕ್ಕೂ ಗುರುತಿನ ಟೇಪು ಸುತ್ತಿದ.

ಆ ಕಡೆಯ ವೈರಿನ ವರ್ತನೆಯನ್ನು ನಾನು ಬಹಳ ಹೊತ್ತು ಯೋಚಿಸಿದೆ. ಕೀಲಿಯ ಏರ್ಪಾಟಿನಲ್ಲಿ ಅಧಿಕಾರ, ಸಂಕಲ್ಪ, ಪ್ರಯತ್ನ ಈ ಮೂರೂ ಒಂದೇ ಕೈಯಲ್ಲಿ ಕೂಡಿಕೊಂಡಿದ್ದವು: ಕೀಲಿಯಿದ್ದವನಿಗೆ ಅಧಿಕಾರ, ತೂರಿಸಿದವನಿಗೆ ಸಂಕಲ್ಪ, ಸ್ಪ್ರಿಂಗಿನ ಎದುರು ಹಿಡಿದುಕೊಂಡು, ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳುತ್ತ, ಅದು ತನ್ನ ಬಲದಿಂದ ತಿರುಗಲಾರಂಭಿಸಿದ ಕ್ಷಣವನ್ನು ಅರಿತು ಕೈಬಿಡುವವನಿಗೆ ಪ್ರಯತ್ನ. ಹೊಸ ಏರ್ಪಾಟಿನಲ್ಲಿ ಇವು ಮೂರು ಕಡೆಗೆ ಹಂಚಿಹೋಗುತ್ತವೆ. ಅಧಿಕಾರವು ಜೇಬಿನ ರಿಮೋಟಿಗೆ ಸೇರಿತು. ಸಂಕಲ್ಪವು ಬೆರಳಿಗೆ ಉಳಿಯಿತು. ಎಷ್ಟು ಹೊತ್ತು ಸೆಲ್ಫ್ ತಿರುಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಪ್ರಯತ್ನದ ವಿವೇಕವು ಪೆಟ್ಟಿಗೆಯ ಪಾಲಾಯಿತು. ಬೆರಳು ಕೊಟ್ಟ ಅಪ್ಪಣೆ ಚಿಕ್ಕ ರಿಲೇಯೊಂದನ್ನು ಮುಚ್ಚುತ್ತದೆ. ರಿಲೇಯು ಸೊಲಿನಾಯ್ಡನ್ನು ಎಬ್ಬಿಸುತ್ತದೆ. ಅದು ಸೆಲ್ಫಿನ ಪುಟ್ಟ ಹಲ್ಲುಗಾಲಿಯನ್ನು ಮುಂದಕ್ಕೆ ತಳ್ಳಿ ಎಂಜಿನ್ನಿನ ದೊಡ್ಡ ಹಲ್ಲುಚಕ್ರಕ್ಕೆ ಕಚ್ಚಿಸಿ, ಅದೇ ಚಲನೆಯಲ್ಲಿ ಬ್ಯಾಟರಿಯ ಪ್ರಬಲ ಪ್ರವಾಹಕ್ಕೆ ಬಾಗಿಲು ತೆರೆಯುತ್ತದೆ. ಎಂಜಿನ್ನು ತಾನಾಗಿ ಓಡತೊಡಗಿದೊಡನೆ ಹಲ್ಲುಗಾಲಿ ಹಿಂದೆ ಸರಿಯುತ್ತದೆ. ಇಷ್ಟೂ ನಡೆಯುವುದು ಒಂದೆರಡು ಉಸಿರಿನ ಅವಧಿಯಲ್ಲಿ, ಮನುಷ್ಯನ ಅರಿವಿನ ಹೊರಗೆ.

ಎಲೆಕ್ಟ್ರಿಷಿಯನ್ ಎರಡು ಕಡೆ ಕೆಲಸವನ್ನು ನಿಲ್ಲಿಸಿ ಹಿರಿಯರ ಮುಖ ನೋಡಿದ. ಮೊದಲನೆಯದು ಸ್ಟೀರಿಂಗ್ ಲಾಕು. ಹಳೆಯ ಕೊಳವೆಯಲ್ಲಿ ಕೀಲಿ ತೆಗೆದೊಡನೆ ಒಂದು ಉಕ್ಕಿನ ಬೆಣೆ ಹೊರಚಾಚಿ ಸ್ಟೀರಿಂಗನ್ನು ಬಿಗಿಯುತ್ತದೆ. ಗುಂಡಿ ಬಂದ ಮೇಲೆ ಕೀಲಿಗೆ ಕೆಲಸವಿಲ್ಲ. ಆದರೆ ಬೆಣೆ ಅಲ್ಲಿಯೇ ಉಳಿದರೆ, ಗಾಡಿ ಓಡುತ್ತಿರುವಾಗಲೇ ಅದು ಬಿಗಿದುಕೊಳ್ಳುವ ಸಂಭವವುಂಟು. ಬೆಣೆಯನ್ನು ತೆಗೆದೇ ಹಾಕಬೇಕೆಂದು ಅವನು ಹಟ ಹಿಡಿದ. ಎರಡನೆಯದು ಕ್ಲಚ್ಚಿನ ವಿಚಾರ. ಪೊಟ್ಟಣದಲ್ಲಿ ಬಂದ ಏರ್ಪಾಟು ಬ್ರೇಕನ್ನು ತುಳಿದಿರುವುದನ್ನು ಮಾತ್ರ ನೋಡುತ್ತದೆ. ಗೇರನ್ನು ಕೈಯಿಂದ ಹಾಕುವ ನಮ್ಮ ಹಳೆಯ ಗಾಡಿಗಳಲ್ಲಿ ಅದು ಸಾಲದು. ಗಾಡಿ ಮೊದಲ ಗೇರಿನಲ್ಲಿ ನಿಂತಿದ್ದಾಗ ಗುಂಡಿ ಒತ್ತಿದರೆ ಸೆಲ್ಫಿನ ಬಲಕ್ಕೇ ಗಾಡಿ ಮುಂದಕ್ಕೆ ನೆಗೆಯುತ್ತದೆ. ಆದ್ದರಿಂದ ಕ್ಲಚ್ ಪೆಡಲಿಗೆ ಬೇರೆಯಾಗಿ ಒಂದು ಸ್ವಿಚ್ಚು ಕೂಡಿಸಿ, ಸೆಲ್ಫಿನ ದಾರಿಯನ್ನು ಅದರ ಮೂಲಕ ಹಾಯಿಸಬೇಕು. “ಅದಿಲ್ಲದೆ ನಾನು ಹಾಕಿಕೊಡಲ್ಲ ಸಾರ್. ಮನೆ ಮುಂದೆ ಮಕ್ಕಳು ಓಡಾಡ್ತಿರ್ತಾವೆ” ಎಂದ. ಖರ್ಚು ತುಸು ಹೆಚ್ಚುತ್ತದೆಂಬುದಕ್ಕಾಗಿ ಅವನು ಹಿರಿಯರ ಮುಖ ನೋಡಿದ್ದು. ಅವರು ಕೂಡಲೆ ಒಪ್ಪಿದರು.

ಹಿರಿಯರ ಪ್ರಶ್ನೆಗೆ ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ನೇರವಾದ ಉತ್ತರವೊಂದುಂಟು. ಯಾವ ಕರ್ಮವೇ ಆಗಲಿ, ಅದರ ಸಿದ್ಧಿಗೆ ಐದು ಕಾರಣಗಳು ಸೇರಬೇಕೆಂದು ಅಲ್ಲಿ ಎಣಿಸಿದೆ: ಅಧಿಷ್ಠಾನ, ಕರ್ತೃ, ನಾನಾ ವಿಧದ ಕರಣಗಳು, ಬಗೆಬಗೆಯ ಚೇಷ್ಟೆಗಳು, ಕಡೆಯದಾಗಿ ದೈವ. ಇವನ್ನು ಕಾರಿನ ಅಂಗಾಂಗಗಳಿಗೆ ಒಂದೊಂದಾಗಿ ಹೊಂದಿಸಿ ತೋರಿಸಹೊರಟರೆ ಶಾಸ್ತ್ರವು ಆಟಿಕೆಯಾದೀತು. ಮುಖ್ಯವಾದುದು ಎಣಿಕೆ. ಐದರಲ್ಲಿ ಕರ್ತೃವು ಒಂದು, ಒಂದೇ. ಹ್ಯಾಂಡಲು ಸುತ್ತುತ್ತಿದ್ದವನಿಗೂ ಇದು ಸತ್ಯವಾಗಿತ್ತು, ಕೀಲಿ ತಿರುಗಿಸಿದವನಿಗೂ ಸತ್ಯವಾಗಿತ್ತು. ತೋಳಿನ ನೋವು ಆ ಸತ್ಯವನ್ನು ಮರೆಸುತ್ತಿತ್ತು, ಅಷ್ಟೆ. ಆಷಾಢದ ಮಳೆಯಲ್ಲಿ ನಾಲ್ಕು ದಿನ ನಿಂತ ಗಾಡಿಯ ಬ್ಯಾಟರಿ ಇಳಿದುಹೋಗಿ, ಒತ್ತಿದ ಗುಂಡಿಗೆ ಯಾವ ಉತ್ತರವೂ ಬಾರದಿದ್ದಾಗ, ದೈವವೆಂಬ ಐದನೆಯದರ ಇರವು ಎಂಥವನಿಗೂ ತಿಳಿಯುತ್ತದೆ. ನಾನೊಬ್ಬನೇ ಕರ್ತೃವೆಂದು ತಿಳಿಯುವವನ ಬುದ್ಧಿ ಸಂಸ್ಕಾರ ಹೊಂದದ ಬುದ್ಧಿಯೆಂದೇ ಗೀತೆಯ ತೀರ್ಪು.

ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಮತ್ತೂ ದೂರ ಹೋಗುವ ಮಾತೊಂದು ಬರುತ್ತದೆ. ಸಕಲ ಭೂತಗಳ ಹೃದಯದಲ್ಲಿರುವ ಈಶ್ವರನು ತನ್ನ ಮಾಯೆಯಿಂದ ಅವನ್ನು ಯಂತ್ರವೇರಿದವುಗಳಂತೆ ತಿರುಗಿಸುತ್ತಿದ್ದಾನೆಂಬ ಅಭಿಪ್ರಾಯ ಅಲ್ಲಿನದು. ಶಂಕರಾಚಾರ್ಯರು ಅದನ್ನು ವಿವರಿಸುವಾಗ ಯಂತ್ರದ ಮೇಲೆ ಕೂಡಿಸಿದ ಮರದ ಗೊಂಬೆಗಳನ್ನು ನೆನೆದಿದ್ದಾರೆ. ಇಲ್ಲಿಯೇ ಅಪಾಯವಿರುವುದೂ. ಯಂತ್ರದಲ್ಲಿ ಕುಳಿತವನು ತಾನೇ ಯಂತ್ರಾರೂಢವಾದ ಗೊಂಬೆಯೆಂದು ಹೇಳಿಕೊಂಡು, ನಾನು ಗುಂಡಿ ಒತ್ತಿದೆನಷ್ಟೆ, ಗಾಡಿ ನೆಗೆದದ್ದು ಅದರ ಕರ್ಮ, ಎದುರಿಗಿದ್ದವನು ಸಿಕ್ಕಿದ್ದು ಅವನ ಕರ್ಮ ಎಂದು ಕೈ ತೊಳೆದುಕೊಳ್ಳುವುದಕ್ಕೆ ಈ ಮಾತನ್ನು ಎಳೆದು ತರುವುದು ಕಷ್ಟವಲ್ಲ. ನಿರಹಂಕಾರದ ಬೋಧೆಯು ನಿರ್ಲಕ್ಷ್ಯಕ್ಕೆ ಹೊದಿಕೆಯಾಗುವುದನ್ನು ನಾನು ನೋಡಿ ನೊಂದಿದ್ದೇನೆ. ಅಹಂಕಾರವನ್ನು ಬಿಡಬೇಕೆಂಬುದು ಸಿದ್ಧನ ಸ್ಥಿತಿಯ ವರ್ಣನೆ. ಹೊಣೆಯನ್ನು ಬಿಡಬಹುದೆಂಬುದು ಯಾವ ಆಚಾರ್ಯರ ಮತವೂ ಅಲ್ಲ.

ಈ ನಾಡಿನಲ್ಲಿ ಕುಳಿತು ಇದನ್ನು ಬರೆಯುವವನಿಗೆ ಕೂಡಲಿಯ ನೆನಪು ಬಾರದಿರದು. ಶಿವಮೊಗ್ಗೆಯನ್ನು ಹಾದು ಬರುವ ತುಂಗೆಯೂ ಭದ್ರಾವತಿಯನ್ನು ಹಾದು ಬರುವ ಭದ್ರೆಯೂ ಅಲ್ಲಿ ಸಂಗಮಿಸುತ್ತವೆ. ಅದೇ ಸಂಗಮದಲ್ಲಿ ಅದ್ವೈತದ ಶೃಂಗೇರಿ ಪರಂಪರೆಯ ಮಠವೂ ಮಾಧ್ವರ ಅಕ್ಷೋಭ್ಯತೀರ್ಥ ಮಠವೂ ನೆರೆಹೊರೆಯಾಗಿವೆ. ಜೀವನು ಕರ್ತೃವೆ ಅಲ್ಲವೆ ಎಂಬ ವಿಚಾರವನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದ ಎತ್ತಿಕೊಳ್ಳುತ್ತದೆ. ಅಲ್ಲಿ ಬಡಗಿಯ ದೃಷ್ಟಾಂತವೊಂದಿದೆ. ಶಂಕರರು ಅದನ್ನು ಬಿಡಿಸುವ ಬಗೆ ಹೀಗೆ: ಉಳಿ ಬಾಚಿಗಳನ್ನು ಕೈಯಲ್ಲಿ ಹಿಡಿದಿರುವಾಗ ಬಡಗಿ ಕರ್ತೃವಾಗಿ ದಣಿಯುತ್ತಾನೆ, ಅವನ್ನು ಕೆಳಗಿಟ್ಟು ಮನೆಗೆ ಬಂದಾಗ ಸ್ವಸ್ಥನಾಗಿ ಸುಖಿಯಾಗಿರುತ್ತಾನೆ, ಹಾಗೆಯೇ ಆತ್ಮನ ಕರ್ತೃತ್ವವೂ ಇಂದ್ರಿಯಾದಿ ಉಪಾಧಿಗಳ ಸಂಬಂಧದಿಂದ ಬಂದದ್ದು, ಸ್ವಭಾವದಿಂದ ಬಂದದ್ದಲ್ಲ. ಮಧ್ವಾಚಾರ್ಯರಿಗೆ ಜೀವನ ಕರ್ತೃತ್ವವು ಸತ್ಯವಾದದ್ದು. ಆದರೆ ಸ್ವತಂತ್ರವಲ್ಲದ್ದು, ಹರಿಯ ಅಧೀನವಾದದ್ದು, ಕೊಡಲ್ಪಟ್ಟದ್ದು. ಕೊಡಲ್ಪಟ್ಟ ಸ್ವಾತಂತ್ರ್ಯವನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆಂಬುದು ಆ ಮತದ ಗಟ್ಟಿತನ. ಎರಡು ಮಠಗಳ ವಿದ್ವಾಂಸರೂ ಒಂದು ವಿಷಯದಲ್ಲಿ ಒಮ್ಮತದವರು: ವಿಧಿನಿಷೇಧಗಳುಳ್ಳ ಶಾಸ್ತ್ರವು ಸಾರ್ಥಕವಾಗಬೇಕಾದರೆ ವ್ಯವಹಾರದಲ್ಲಿ ಜೀವನನ್ನು ಕರ್ತೃವೆಂದು ಒಪ್ಪಲೇಬೇಕು, ಈಶ್ವರನೂ ಜೀವನು ಮಾಡಿದ ಪ್ರಯತ್ನವನ್ನು ನೋಡಿಯೇ ಅವನನ್ನು ಮುಂದೆ ಪ್ರವರ್ತಿಸುತ್ತಾನೆ. ಪರಮಾರ್ಥದ ತೀರ್ಮಾನವನ್ನು ಮಾಡುವಷ್ಟು ನಾನು ಬಲ್ಲವನಲ್ಲ. ಆದರೆ ಬೀದಿಯಲ್ಲಿ ಗಾಡಿ ಓಡಿಸುವವನಿಗೆ ಮಧ್ವರ ಮಾತೇ ಹೆಚ್ಚು ಒದಗುತ್ತದೆಂದು ನನ್ನ ಭಾವನೆ. ಹಿರಿಯರ ಬೆರಳಿಗೆ ಬಂದ ಶಕ್ತಿ ಕೊಡುಗೆಯಾಗಿ ಬಂದದ್ದು; ಎಲೆಕ್ಟ್ರಿಷಿಯನ್ನಿನ ಕೈಯಿಂದ, ಕೆಟರಿಂಗನ ಬುದ್ಧಿಯಿಂದ, ಹೆಸರಿಲ್ಲದ ಎಷ್ಟೋ ಜನರ ದುಡಿಮೆಯಿಂದ ಬಂದದ್ದು. ಬಂದದ್ದೆಂಬ ಕಾರಣಕ್ಕೆ ಅದರ ವಿನಿಯೋಗ ಅವರದಲ್ಲದೆ ಹೋಗುವುದಿಲ್ಲ.

ಆದರೂ ಅವರ ಪ್ರಶ್ನೆಯ ಒಂದು ಎಳೆ, ‘ನಾನೋ ಪೆಟ್ಟಿಗೆಯೋ’ ಎಂಬ ಎಳೆ, ವೇದಾಂತದಲ್ಲಿ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಅದನ್ನು ಅತ್ಯಂತ ಸೂಕ್ಷ್ಮವಾಗಿ ಬಿಡಿಸಿದವರು ಜೈನಾಚಾರ್ಯರೆಂದು ನನಗೆ ತೋರುತ್ತದೆ. ನಮ್ಮ ಜಿಲ್ಲೆಯ ಹೊಂಬುಜದ ಬಸದಿಗಳಿಗೆ ಹೋಗಿ ಬಂದವರೆಷ್ಟೋ ಮಂದಿ. ಅಲ್ಲಿ ಗೌರವಿಸಲ್ಪಡುವ ತತ್ತ್ವಾರ್ಥಸೂತ್ರದಲ್ಲಿ ಕರ್ಮದ ಹೊಣೆಯನ್ನು ಅಳೆಯುವುದಕ್ಕೆ ಇಟ್ಟಿರುವ ಲೆಕ್ಕವನ್ನು ಕಂಡವರು ವಿರಳ. ಉಮಾಸ್ವಾಮಿಗಳು ಕರ್ಮವನ್ನು ಮೂರು ಹಂತವಾಗಿ ಒಡೆಯುತ್ತಾರೆ: ಮನಸ್ಸು ಅದರ ಕಡೆಗೆ ಹೊರಳುವ ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಳ್ಳುವ ಸಮಾರಂಭ, ಕಾರ್ಯವನ್ನು ತೊಡಗುವ ಆರಂಭ. ಇವು ಒಂದೊಂದೂ ಮನಸ್ಸು, ಮಾತು, ಕಾಯಗಳೆಂಬ ಮೂರರಿಂದ; ಅವು ಮತ್ತೆ ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು ಎಂಬ ಮೂರು ಬಗೆಯಿಂದ; ಅವೂ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಗುಣಿತವಾಗಿ 108 ಭೇದಗಳಾಗುತ್ತವೆ. ಇದನ್ನು ಒಣ ಗಣಿತವೆಂದು ಬದಿಗೊತ್ತಬಾರದು. ಮಾಡಿದ್ದಕ್ಕೂ ಮಾಡಿಸಿದ್ದಕ್ಕೂ ಸಮ್ಮತಿಸಿದ್ದಕ್ಕೂ ಪಟ್ಟಿಯಲ್ಲಿ ಸಮಾನವಾದ ಸ್ಥಾನವಿದೆಯೆಂಬುದೇ ಇದರ ಜೀವಾಳ. ಸೆಲ್ಫನ್ನು ತಿರುಗಿಸಿದ್ದು ಪೆಟ್ಟಿಗೆಯೆಂದೇ ಒಪ್ಪೋಣ. ಹಾಗಾದರೆ ಹಿರಿಯರು ಮಾಡಿಸಿದವರಾಗುತ್ತಾರೆ, ಹೊರಗಿನವರಾಗುವುದಿಲ್ಲ. ಯಂತ್ರವೆಷ್ಟೇ ನಿಪುಣವಾಗಲಿ, ಮಾಡುವ ಸ್ಥಾನದಿಂದ ಮಾಡಿಸುವ ಸ್ಥಾನಕ್ಕೆ ಮನುಷ್ಯನನ್ನು ಸರಿಸಬಲ್ಲುದೇ ಹೊರತು ಆ ಪಟ್ಟಿಯಿಂದಲೇ ಅವನ ಹೆಸರನ್ನು ಅಳಿಸಲಾರದು.

ಅದೇ ಗ್ರಂಥ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಅನವಧಾನವನ್ನು, ಮುಂದಿಟ್ಟಿದೆ. ಅದಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದರು, ನೆಲವನ್ನು ನೋಡಿ ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಪಾದಕ್ಕೆ ಸಿಕ್ಕಿ ಕ್ಷುದ್ರಜೀವಿಯೊಂದು ಸತ್ತರೂ ಅವನಿಗೆ ಆ ಬಂಧವಿಲ್ಲವೆಂದೂ, ಪ್ರಮತ್ತನಾಗಿ ನಡೆಯುವವನಿಂದ ಯಾವ ಜೀವಿಯೂ ಸಾಯದಿದ್ದರೂ ದೋಷ ತಪ್ಪದೆಂದೂ ತಿಳಿಸುತ್ತಾರೆ. ಇದಕ್ಕಿಂತ ಕಠಿಣವೂ ಇದಕ್ಕಿಂತ ದಯಾಪರವೂ ಆದ ನ್ಯಾಯವನ್ನು ನಾನರಿಯೆ. ಶ್ರಮವು ಇಲ್ಲಿ ಅಳತೆಗೋಲೇ ಅಲ್ಲ. ಮನಸ್ಸು ಎಚ್ಚತ್ತಿತ್ತೆ ಎಂಬುದೊಂದೇ ಕೇಳಬೇಕಾದ ಮಾತು. ಹ್ಯಾಂಡಲಿನ ಕಾಲದಲ್ಲಿ ಎಚ್ಚರವನ್ನು ಬೇರೆಯಾಗಿ ಬೋಧಿಸಬೇಕಾಗಿರಲಿಲ್ಲ; ಮಣಿಕಟ್ಟಿನ ಭಯವೇ ಬೋಧಿಸುತ್ತಿತ್ತು. ಗುಂಡಿಯಲ್ಲಿ ಭಯವಿಲ್ಲ. ಆದ್ದರಿಂದಲೇ ಆ ಎಲೆಕ್ಟ್ರಿಷಿಯನ್ ಕ್ಲಚ್ಚಿಗೆ ಕೂಡಿಸಿದ ಸ್ವಿಚ್ಚನ್ನು ನಾನು ಬರಿಯ ತಂತ್ರವೆಂದು ಎಣಿಸಲಾರೆ. ದೇಹದಿಂದ ತೊಲಗಿದ ಎಚ್ಚರವನ್ನು ಅವನು ತಾಮ್ರದ ತಂತಿಯಲ್ಲಿ ಮರಳಿ ನೆಲೆಗೊಳಿಸಿದ. ತನ್ನದಲ್ಲದ ಗಾಡಿ, ತನ್ನದಲ್ಲದ ಬೀದಿ, ತಾನು ಕಾಣದ ಮಕ್ಕಳು. ಅವರಿಗಾಗಿ ಅವನು ಸಂಪಾದನೆಯನ್ನೇ ಬಿಡುವುದಕ್ಕೆ ಸಿದ್ಧನಿದ್ದ. ಅಪ್ರಮಾದದ ವ್ರತವನ್ನು ಹಾಗೆ ಪಾಲಿಸುವವರನ್ನು ಮಠಗಳಲ್ಲಿಯೂ ಹುಡುಕಬೇಕಾದೀತು.

ಜೇಬಿನ ರಿಮೋಟಿನ ವಿಷಯ ಇನ್ನೂ ಉಳಿಯಿತು. ಅದು ಏನನ್ನೂ ಮಾಡುವುದಿಲ್ಲ, ಹತ್ತಿರದಲ್ಲಿರುತ್ತದೆ, ಅಷ್ಟೆ. ಸಾಂಖ್ಯರು ಪುರುಷನನ್ನು ವರ್ಣಿಸುವುದು ಹೆಚ್ಚುಕಡಿಮೆ ಹೀಗೆಯೇ: ಅಯಸ್ಕಾಂತವು ತಾನು ಅಲುಗದೆ ಸಾನ್ನಿಧ್ಯಮಾತ್ರದಿಂದ ಕಬ್ಬಿಣವನ್ನು ಚಲಿಸುವಂತೆ ಮಾಡುವ ಹಾಗೆ, ಪುರುಷನು ನಿಷ್ಕ್ರಿಯನಾಗಿದ್ದೇ ಪ್ರಕೃತಿಯನ್ನು ಪ್ರವರ್ತಿಸುತ್ತಾನೆ. ಶಂಕರರು ಇದಕ್ಕೆ ಎತ್ತಿದ ಆಕ್ಷೇಪವು ತೀಕ್ಷ್ಣವಾದದ್ದು. ಸಾನ್ನಿಧ್ಯವೊಂದೇ ಸಾಕಾದರೆ, ಪುರುಷನ ಸಾನ್ನಿಧ್ಯ ನಿತ್ಯವಾದ್ದರಿಂದ ಪ್ರವೃತ್ತಿಯೂ ನಿತ್ಯವಾಗಿಬಿಡುತ್ತದೆ, ನಿಲುಗಡೆಯೆಂಬುದೇ ಇರುವುದಿಲ್ಲ. ಅವರು ಮೋಟಾರುಗಾಡಿಯನ್ನು ಕಂಡವರಲ್ಲ. ಆದರೆ ಹೊಸ ಏರ್ಪಾಟಿನ ದೌರ್ಬಲ್ಯ ಆ ಆಕ್ಷೇಪದಲ್ಲಿ ಅಡಗಿದೆ. ಕೀಲಿಯನ್ನು ಗಾಡಿಯಿಂದ ಕಿತ್ತು ಕೈಗೆ ತೆಗೆದುಕೊಳ್ಳುವುದೇ ಹಿಂದೆ ನಿಲುಗಡೆಯ ಗುರುತಾಗಿತ್ತು. ರಿಮೋಟು ಹಗಲೆಲ್ಲ ಜೇಬಿನಲ್ಲೇ ಇರುತ್ತದೆ. ಒಡೆಯರು ಗಾಡಿಯ ಬಾಗಿಲ ಬಳಿ ಯಾರೊಡನೆಯೋ ಮಾತಾಡುತ್ತ ನಿಂತಾಗ, ಒಳಗೆ ಕುಳಿತ ಮಗು ಗುಂಡಿಯನ್ನು ಒತ್ತಿದರೆ, ಪೆಟ್ಟಿಗೆಗೆ ಒಡೆಯರ ಸಾನ್ನಿಧ್ಯ ದೊರೆತಂತೆಯೇ. ಎಂಜಿನ್ನು ಹೊರಡದಿದ್ದರೂ ಗಾಡಿಯ ವಿದ್ಯುತ್ತು ಎಚ್ಚತ್ತುಕೊಳ್ಳುತ್ತದೆ, ಎಂಜಿನ್ನನ್ನು ಆಗ ತಡೆದು ನಿಲ್ಲಿಸುವುದು ಬ್ರೇಕು ತುಳಿದಿರಬೇಕೆಂಬ ಕಟ್ಟಳೆ, ಅದರ ಮೇಲೆ ಆ ಕ್ಲಚ್ಚಿನ ಸ್ವಿಚ್ಚು. ನಿಲ್ಲಿಸುವುದರಲ್ಲಿಯೂ ಇದೇ ತೊಡಕು. ಅಮೆರಿಕದಲ್ಲಿ ಇಂಥ ಕಾರುಗಳ ಎಂಜಿನ್ನು ಓಡುತ್ತಿರುವುದನ್ನು ಮರೆತು, ರಿಮೋಟಿನೊಂದಿಗೆ ಮನೆಯೊಳಗೆ ಹೋದ ವೃದ್ಧರು, ಮನೆಗೆ ಅಂಟಿಕೊಂಡ ಮುಚ್ಚಿದ ಗ್ಯಾರೇಜಿನಿಂದ ಹಬ್ಬಿದ ಕಾರ್ಬನ್ ಮಾನಾಕ್ಸೈಡಿನಿಂದ ಮಲಗಿದಲ್ಲೇ ಮರಣ ಹೊಂದಿದ ದುರಂತಗಳು ನಡೆದಿವೆ. ನಮ್ಮ ಗೋಪಾಳದಲ್ಲಿ ಗಾಡಿಗಳು ತೆರೆದ ಪೋರ್ಟಿಕೋದಲ್ಲಿ ನಿಲ್ಲುತ್ತವೆ. ಹಳೆಯ ಎಂಜಿನ್ನಿನ ಸದ್ದೂ ಮರೆಯಗೊಡದಷ್ಟು ದೊಡ್ಡದು. ಆದರೂ ಇದನ್ನು ಹಿರಿಯರಿಗೆ ಹೇಳುವುದು ನನಗೆ ಕರ್ತವ್ಯವೆನಿಸಿತು, ಹೇಳಿದೆ.

ಶ್ರಮವೇ ಪುಣ್ಯವೆಂದು ನಂಬಿದ ಕೆಲವರು ಈ ಸೌಕರ್ಯವನ್ನೇ ಅಧಃಪತನವೆಂದು ನಿಂದಿಸುತ್ತಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನವು; ಕಾಯಕವನ್ನು ಎತ್ತಿ ಹಿಡಿದ ಶರಣರ ಬಳಗದಲ್ಲಿಯೇ ಅಲ್ಲಮನು ಸೊನ್ನಲಿಗೆಗೆ ಹೋಗಿ, ಕೆರೆ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಎದುರಿಸಿ, ಕಟ್ಟಿಸುವ ಶ್ರಮವೊಂದೇ ಅರಿವಾಗದೆಂದು ತೋರಿಸಿಕೊಟ್ಟ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ನೋವನ್ನು ನೋವಿಗಾಗಿ ಉಳಿಸಿಕೊಳ್ಳುವುದು ತಪಸ್ಸಲ್ಲ. ಊದಿದ ಬೆರಳಿನ ಮುದುಕರೊಬ್ಬರು ಯಾರ ಹಂಗೂ ಇಲ್ಲದೆ ಗಾಡಿ ಹೊರಡಿಸಿಕೊಂಡು ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ಯುವಂತಾದರೆ, ಆ ಗುಂಡಿಯಲ್ಲಿ ನಾನು ದಯೆಯನ್ನು ಕಾಣುತ್ತೇನೆ. ಹೊಸ ಕಾರಿನ ಒಡೆಯರ ಸಾಲಿನಲ್ಲಿ ಕಾಣಿಸಿಕೊಳ್ಳಬೇಕೆಂಬ ಒಂದೇ ಆಸೆಯಿಂದ ಹಾಕಿಸಿಕೊಳ್ಳುವವರ ಮಾತು ಬೇರೆ. ಮಾನಕಷಾಯವೆಂದು ಉಮಾಸ್ವಾಮಿಗಳು ಅದನ್ನು ಆಗಲೇ ಲೆಕ್ಕಕ್ಕೆ ಹಿಡಿದಿದ್ದಾರೆ.

ಆದರೆ ಹಿರಿಯರ ಅಳುಕಿಗೆ ಮೂಲ ಬೇರೆಡೆ ಇತ್ತೆಂಬುದು ಶೆಡ್ಡಿನ ಬೆಂಚಿನ ಮೇಲೆ ಕುಳಿತಿದ್ದಾಗ ನನಗೆ ತಿಳಿಯಿತು. ಅವರ ಜೀವಮಾನದಲ್ಲಿ ಆರಂಭವೆಂದರೆ ಊದುಕುಲುಮೆಯ ಆರಂಭ. ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಿಲಿನಲ್ಲಿ ಕರಗಿಸಿ 1923ರಲ್ಲಿ ಮೊದಲು ಕಬ್ಬಿಣ ಹರಿಸಿದ ಕಾರ್ಖಾನೆ ಅದು. ಅವರು ಸೇರುವ ಹೊತ್ತಿಗೆ ವಿಧಾನಗಳೆಷ್ಟೋ ಬದಲಾಗಿದ್ದವು, ಆದರೆ ಹೊಸದಾಗಿ ಇಟ್ಟಿಗೆ ಹೊದಿಸಿದ ಕುಲುಮೆಯನ್ನು ಹೊತ್ತಿಸುವ ಗಾಂಭೀರ್ಯ ಬದಲಾಗಿರಲಿಲ್ಲ. ಇಟ್ಟಿಗೆ ಬಿರಿಯದಂತೆ ದಿನಗಟ್ಟಲೆ ಮೆಲ್ಲಗೆ ಕಾಯಿಸಬೇಕು. ಸೌದೆಯನ್ನೂ ಕೋಕನ್ನೂ ಪದರ ಪದರವಾಗಿ ತುಂಬಬೇಕು. ಬಳಿಕ ಪೂಜೆ, ಬಳಿಕ ಗಾಳಿ. ಮೊದಲ ಲೋಹ ಹರಿಯುವ ತನಕ ಯಾರೂ ಮನೆಯ ಮಾತೆತ್ತುತ್ತಿರಲಿಲ್ಲವೆಂದರು. ಅಷ್ಟು ಜನರ ಕಣ್ಣೂ ಒಂದೇ ಕಡೆ ನೆಟ್ಟಿರುವುದನ್ನು ಕಂಡವರಿಗೆ, ಬೆರಳ ತುದಿಯ ಆರಂಭ ಅಪೂರ್ಣವೆನಿಸುವುದು ಸಹಜವೇ. ಆರಂಭಗಳೆಲ್ಲಕ್ಕೂ ಏನಾದರೊಂದು ದೋಷದ ಹೊಗೆ ಅಂಟಿಯೇ ಇರುತ್ತದೆಂದು ಗೀತೆ ಹೇಳುತ್ತದೆ, ಆದರೂ ಸಹಜವಾದ ಕರ್ಮವನ್ನು ಬಿಡಬಾರದೆನ್ನುತ್ತದೆ ಎಂದು ನಾನು ನೆನಪು ಮಾಡಿದಾಗ, ಕುಲುಮೆಯ ಹೊಗೆಯನ್ನು ಕುಡಿದು ಬಂದ ಅವರಿಗೆ ಅದನ್ನು ವಿವರಿಸಬೇಕಾಗಲಿಲ್ಲ.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಎಲೆಕ್ಟ್ರಿಷಿಯನ್ ಗಾಡಿಯನ್ನು ಬೇಕೆಂದೇ ಗೇರಿನಲ್ಲಿ ನಿಲ್ಲಿಸಿ, ಬ್ರೇಕು ಮಾತ್ರ ತುಳಿದು ಗುಂಡಿ ಒತ್ತಿ ತೋರಿಸಿದ. ದೀಪ ಹೊತ್ತಿತು, ಸೆಲ್ಫು ತಿರುಗಲಿಲ್ಲ. ಕ್ಲಚ್ಚನ್ನು ತುಳಿದ ಮೇಲೆ ತಿರುಗಿತು. ಅದನ್ನು ಹಿರಿಯರಿಂದಲೂ ಮಾಡಿಸಿ, ರಿಮೋಟಿನ ಸೆಲ್ಲು ಮುಗಿದರೆ ಏನು ಮಾಡಬೇಕೆಂಬುದನ್ನೂ ತಿಳಿಸಿದ. ಪೊಟ್ಟಣದಲ್ಲಿ ಎರಡು ರಿಮೋಟುಗಳಿದ್ದವು. ದಾರಿಯಲ್ಲಿ ಹಿರಿಯರು, ಎರಡನೆಯದನ್ನು ಮೊಮ್ಮಗನ ಕೈಯಲ್ಲಿ ಕೊಡಬಹುದೆ ಎಂದು ಕೇಳಿದರು. ಹುಡುಗ ಆಗಷ್ಟೇ ಎಲ್ಎಲ್ ಮಾಡಿಸಿಕೊಂಡಿದ್ದ. ಕೊಟ್ಟರೆ ಅದು ಸಮ್ಮತಿಯಾಗುತ್ತದೆ, ನೀವು ಪಕ್ಕದಲ್ಲಿಲ್ಲದಾಗ ಅವನು ಹೊರಟ ಹೊರಡುವಿಕೆಯಲ್ಲಿಯೂ ನಿಮ್ಮ ಪಾಲಿರುತ್ತದೆಂದೆ. ಅವರು ಸ್ವಲ್ಪ ದೂರ ಮಾತಾಡದೆ ಬಂದು, ಲೈಸೆನ್ಸು ಬರುವ ತನಕ ಎರಡೂ ತಮ್ಮ ಬಳಿಯೇ ಇರಲಿ, ಅಷ್ಟರಲ್ಲಿ ಒಂದು ಭಾನುವಾರ ಅವನನ್ನು ಪೆಡಲಿನ ಹತ್ತಿರ ಬಗ್ಗಿಸಿ ಆ ಸ್ವಿಚ್ಚನ್ನು ತೋರಿಸಿ, ಅದನ್ನು ಯಾಕೆ ಹಾಕಿಸಿದ್ದೆಂದು ಅವನ ಬಾಯಲ್ಲೇ ಹೇಳಿಸುತ್ತೇನೆ ಎಂದರು.